ಟೈಟಾನಿಯಂ ರಿಪೇರಿಗೆ ಯಾವ ಫಿಲ್ಲರ್ ರಾಡ್? ದಾವಣಗೆರೆಯ ಆರ್ಗಾನ್ ಶೆಡ್ಡಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಪಿ.ಬಿ. ರೋಡಿನಿಂದ ಸ್ವಲ್ಪ ಒಳಗೆ ಹೋದರೆ ನಮ್ಮ ಆರ್ಗಾನ್ ವೆಲ್ಡಿಂಗ್ ಶೆಡ್ ಸಿಗುತ್ತದೆ. ದಿನದ ಕೆಲಸವೆಲ್ಲ ಸ್ಟೀಲು, ಅಲ್ಯೂಮಿನಿಯಂ. ಹೋಟೆಲಿನ ಸಿಂಕು, ಹಾಲಿನ ಕ್ಯಾನು, ಒಡೆದ ರೇಡಿಯೇಟರು, ಗೇರ್‌ಬಾಕ್ಸಿನ ಹೌಸಿಂಗು. ಟೈಟಾನಿಯಂ ತಿಂಗಳಿಗೆ ಎರಡು ಬಂದರೆ ಹೆಚ್ಚು. ಆದರೆ ಫೋನಿನಲ್ಲಿ ಜಾಸ್ತಿ ಕೇಳುವುದು ಅದನ್ನೇ. ಬೈಕ್ ಇಟ್ಟುಕೊಂಡ ಹುಡುಗರು, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪಿನವರು, ಹೊಸದಾಗಿ ಟಿಗ್ (ಆರ್ಗಾನ್ ವೆಲ್ಡಿಂಗ್) ಮೆಷಿನ್ ತಂದ ವೆಲ್ಡರುಗಳು, ಎಲ್ಲರೂ ಹೆಚ್ಚುಕಮ್ಮಿ ಅದೇ ಇಪ್ಪತ್ತು ಪ್ರಶ್ನೆ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋಯುತ್ತದೆ. ಅದಕ್ಕೇ ಬರೆದಿಟ್ಟೆ.

ಸುತ್ತಿ ಬಳಸದೆ ಹೇಳಿ ಅಣ್ಣ, ಯಾವ ರಾಡ್ ತರಲಿ?

ಫಿಲ್ಲರ್ ರಾಡ್ ಅಂದರೆ ಜೋಡಣೆಯಲ್ಲಿ ಕರಗಿಸಿ ತುಂಬುವ ಲೋಹದ ಕಡ್ಡಿ, ಗ್ರೇಡ್ ಅಂದರೆ ಲೋಹದಲ್ಲಿ ಏನು ಎಷ್ಟು ಬೆರೆತಿದೆ ಅಂತ ಹೇಳುವ ನಂಬರು. ರಿಪೇರಿ ಆಗಬೇಕಾದ ಲೋಹ ಯಾವ ಗ್ರೇಡೋ ಅದೇ ಗ್ರೇಡಿನ ರಾಡ್. ಗ್ರೇಡ್ 2 ಪ್ಲೇಟಿಗೆ 2ರ ರಾಡ್, ಗ್ರೇಡ್ 5ಕ್ಕೆ 5ರದ್ದು. ಹತ್ತರಲ್ಲಿ ಎಂಟು ಕೆಲಸಕ್ಕೆ ಇಷ್ಟೇ ಉತ್ತರ.

ಕಷ್ಟ ಇರುವುದು ರಾಡಿನಲ್ಲಿ ಅಲ್ಲ. "ನಿಮ್ಮ ಪಾರ್ಟು ಯಾವ ಗ್ರೇಡು?" ಅಂತ ನಾನು ತಿರುಗಿ ಕೇಳುತ್ತೇನಲ್ಲ, ಆಗ ಆ ಕಡೆ ಫೋನು ಸುಮ್ಮನಾಗುತ್ತದೆ. ಕೈಯಲ್ಲಿರುವುದು ಏನು ಅಂತ ಗೊತ್ತಿಲ್ಲದೆ ರಾಡ್ ತರುವುದು, ಕಾಲಿನ ಅಳತೆ ಇಲ್ಲದೆ ಚಪ್ಪಲಿ ತಂದ ಹಾಗೆ.

ಇದು ಟೈಟಾನಿಯಂ ಹೌದೋ ಅಲ್ಲವೋ, ಮನೆಯಲ್ಲೇ ನೋಡಬಹುದಾ?

ನೋಡಬಹುದು. ಮೊದಲು ಮ್ಯಾಗ್ನೆಟ್ ಹಿಡಿಯಿರಿ. ಟೈಟಾನಿಯಂಗೆ ಅದು ಅಂಟುವುದಿಲ್ಲ. ಆದರೆ 304 ಸ್ಟೇನ್‌ಲೆಸ್ ಸ್ಟೀಲಿಗೂ ಹೆಚ್ಚಾಗಿ ಅಂಟುವುದಿಲ್ಲ, ಅಲ್ಯೂಮಿನಿಯಂಗಂತೂ ಇಲ್ಲವೇ ಇಲ್ಲ. ಹಾಗಾಗಿ ಮ್ಯಾಗ್ನೆಟ್ ಅರ್ಧ ಸಾಕ್ಷಿ ಅಷ್ಟೇ.

ಗ್ರೈಂಡರಿಗೆ ಮೂಲೆಯೊಂದನ್ನು ಮೆಲ್ಲಗೆ ತಾಗಿಸಿದರೆ ಟೈಟಾನಿಯಂ ಕಣ್ಣು ಕುಕ್ಕುವಷ್ಟು ಬಿಳಿ ಕಿಡಿ ಉಗುಳುತ್ತದೆ, ದೀಪಾವಳಿಯ ಸುರುಸುರು ಬತ್ತಿಯ ಹಾಗೆ. ಸ್ಟೀಲಿನ ಕಿಡಿ ಕೇಸರಿ ಕಡೆಗಿರುತ್ತದೆ. ಅಲ್ಯೂಮಿನಿಯಂ ಕಿಡಿಯನ್ನೇ ಕೊಡುವುದಿಲ್ಲ.

ನನಗೆ ಹೆಚ್ಚು ನಂಬಿಕೆ ಇರುವುದು ತೂಕದ ಲೆಕ್ಕದ ಮೇಲೆ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಮೊದಲು ಪಾರ್ಟನ್ನು ಒಣಗಿದ್ದಾಗಲೇ ತೂಗಿ. ಆಮೇಲೆ ನೀರು ತುಂಬಿದ ಡಬ್ಬಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ. ಪಾರ್ಟಿಗೆ ದಾರ ಕಟ್ಟಿ, ಕೈಯಲ್ಲಿ ಹಿಡಿದು, ನೀರಿನಲ್ಲಿ ಪೂರ್ತಿ ಮುಳುಗಿಸಿ. ತಳಕ್ಕಾಗಲಿ ಪಕ್ಕಕ್ಕಾಗಲಿ ತಾಗಬಾರದು. ಈಗ ತಕ್ಕಡಿ ತೋರಿಸುವ ಗ್ರಾಂ ಎಷ್ಟೋ ಅಷ್ಟು ಘನ ಸೆಂಟಿಮೀಟರು ಆ ಪಾರ್ಟು. ಒಣ ತೂಕವನ್ನು ಅದರಿಂದ ಭಾಗಿಸಿ. 180 ಗ್ರಾಂ ಇರುವ ಬ್ರಾಕೆಟ್ಟು ನೀರಿನಲ್ಲಿ 40 ತೋರಿಸಿದರೆ 4.5 ಬರುತ್ತದೆ. ಅದು ಟೈಟಾನಿಯಂ. ಸ್ಟೀಲಾಗಿದ್ದರೆ 8ರ ಹತ್ತಿರ, ಅಲ್ಯೂಮಿನಿಯಂ ಆಗಿದ್ದರೆ 2.7. ಪೈಪಿನಂಥ ಟೊಳ್ಳು ಪಾರ್ಟಾದರೆ ಒಳಗೆಲ್ಲ ನೀರು ತುಂಬಿಕೊಳ್ಳಬೇಕು. ಗುಳ್ಳೆ ಉಳಿದರೆ ಲೆಕ್ಕ ತಪ್ಪುತ್ತದೆ.

ಹರಿಹರದ ಹುಡುಗನೊಬ್ಬ ಆನ್‌ಲೈನಲ್ಲಿ ತರಿಸಿದ "ಟೈಟಾನಿಯಂ" ಸೈಲೆನ್ಸರ್ ತಂದಿದ್ದ. ತುದಿಯಲ್ಲಿ ನೀಲಿ, ನೇರಳೆ, ಬಂಗಾರದ ಬಣ್ಣ. ಒಡೆದು ಬಂದಿದ್ದ ಒಂದು ತುಂಡನ್ನು ಅವನ ಕೈಯಿಂದಲೇ ಮುಳುಗಿಸಿದೆ. 7.9 ಬಂತು. ಮೂರು ಸಲ ತೂಗಿದ ಪಾಪ. ಕೊನೆಗೆ ಸ್ಟೀಲ್ ರಾಡಿನಲ್ಲಿ ಹತ್ತು ನಿಮಿಷದ ಕೆಲಸವಾಯಿತು. ದುಡ್ಡು ಉಳಿಯಿತು ಅಂತ ಖುಷಿಪಡಬೇಕಾದವನು ಮುಖ ಚಿಕ್ಕದು ಮಾಡಿಕೊಂಡು ಹೋದ.

ಸರಿ, ಟೈಟಾನಿಯಂ ಅಂತ ಗೊತ್ತಾಯ್ತು. ಗ್ರೇಡ್ ಹೇಗೆ ಗೊತ್ತಾಗುತ್ತೆ?

ತಕ್ಕಡಿಯಿಂದ ಆಗುವುದಿಲ್ಲ. ಗ್ರೇಡ್ 2ರ ಸಾಂದ್ರತೆ 4.51, ಗ್ರೇಡ್ 5ರದ್ದು 4.43. ಅಡುಗೆಮನೆ ತಕ್ಕಡಿಗೆ ಅಷ್ಟು ಕಣ್ಣಿಲ್ಲ.

ಪಾರ್ಟಿನ ಮೇಲೆ ಪಂಚ್ ಮಾಡಿದ ಗ್ರೇಡ್ ನಂಬರು ಇದೆಯಾ ನೋಡಿ. ಡ್ರಾಯಿಂಗು, ಹಳೆಯ ಬಿಲ್ಲು, ಕಂಪನಿಯ ಕ್ಯಾಟಲಾಗು ಹುಡುಕಿ. ಏನೂ ಸಿಗದಿದ್ದರೆ ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಲೋಹದಲ್ಲಿ ಏನಿದೆ ಹೇಳುವ ಮೆಷಿನ್) ಇರುವ ಲ್ಯಾಬಿಗೆ ಕೊಡಿ. ಲೋಹಕ್ಕೆ ಹಿಡಿದರೆ ಕೆಲವೇ ಸೆಕೆಂಡಿನಲ್ಲಿ ವನಾಡಿಯಂ, ಮಾಲಿಬ್ಡಿನಂ, ನಿಕ್ಕಲ್ ಇದೆಯಾ ಹೇಳುತ್ತದೆ. ಒಂದು ಮಾತು ನೆನಪಿರಲಿ: ಆ ಗನ್ನಿಗೆ ಆಕ್ಸಿಜನ್ ಕಾಣುವುದಿಲ್ಲ. ಗ್ರೇಡ್ 1, 2, 3, 4 ಇವೆಲ್ಲ ಶುದ್ಧ ಟೈಟಾನಿಯಂ. ಇವುಗಳ ನಡುವಿನ ಮುಖ್ಯ ವ್ಯತ್ಯಾಸವೇ ಆಕ್ಸಿಜನ್ ಎಷ್ಟಿದೆ ಅನ್ನುವುದು. ಹಾಗಾಗಿ ಗನ್ನು "ಶುದ್ಧ ಟೈಟಾನಿಯಂ" ಅನ್ನುತ್ತದೆ, 1ನೋ 4ನೋ ಅನ್ನುವುದಿಲ್ಲ. ಚಿನ್ನದಂಗಡಿಯಲ್ಲೂ ಅಂಥದೇ ಮೆಷಿನ್ ಇದೆಯಲ್ಲ ಅಂತ ಕೇಳುತ್ತಾರೆ. ಅದನ್ನು ಹೊಂದಿಸಿರುವುದು ಚಿನ್ನಕ್ಕೆ. ಅದರ ಮಾತು ಕೇಳಿ ರಾಡ್ ಆರಿಸಬೇಡಿ.

ಶೆಡ್ಡಿನಲ್ಲೇ ಒಂದು ಅಂದಾಜು ಮಾಡಬಹುದು. ಅರ ಹಾಕಿ ನೋಡಿ. ಗ್ರೇಡ್ 2 ಅರಕ್ಕೆ ಬಗ್ಗುತ್ತದೆ. ಗ್ರೇಡ್ 5 ಜಗ್ಗುವುದಿಲ್ಲ, ಡ್ರಿಲ್ಲಿನ ಬಿಟ್ ಕೀಚಲು ದನಿ ಮಾಡುತ್ತದೆ. ಎರಡರ ತುಂಡನ್ನೂ ಇಟ್ಟುಕೊಂಡು ಪಕ್ಕಪಕ್ಕದಲ್ಲಿ ಹೋಲಿಸಿದರೆ ಕೈಗೆ ಗೊತ್ತಾಗುತ್ತದೆ.

ರಾಡಿನ ಮೇಲೆ ಇಆರ್‌ಟಿಐ ಅಂತ ಇದೆ. ಏನದು?

ಮಾಹಿತಿ ಹಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಅಮೆರಿಕನ್ ವೆಲ್ಡಿಂಗ್ ಸೊಸೈಟಿಯ ಎ5.16 ಅನ್ನುವ ಸ್ಪೆಸಿಫಿಕೇಶನ್ ಇದೆ, ಟೈಟಾನಿಯಂ ರಾಡು-ವೈರುಗಳಿಗೆ ಅಂತಲೇ. ಇಆರ್ ಅಂದರೆ ಎಲೆಕ್ಟ್ರೋಡ್ ಅಥವಾ ರಾಡ್, ಟಿಐ ಅಂದರೆ ಟೈಟಾನಿಯಂ. ಮುಂದಿನ ನಂಬರು ಗ್ರೇಡು.

ನಮ್ಮ ಕಡೆ ಕೆಲಸಕ್ಕೆ ಬರುವುದು ಇವು. 1 ಮತ್ತು 2 ಶುದ್ಧ ಟೈಟಾನಿಯಂಗೆ, ಅದರಲ್ಲಿ 1 ಇನ್ನೂ ಮೆತ್ತಗೆ. 5 ಅಂದರೆ ನೂರರಲ್ಲಿ 6 ಭಾಗ ಅಲ್ಯೂಮಿನಿಯಂ, 4 ಭಾಗ ವನಾಡಿಯಂ ಸೇರಿದ ಗಟ್ಟಿ ಮಿಶ್ರಲೋಹ. 23 ಅದರದ್ದೇ ತಮ್ಮ, ಆಕ್ಸಿಜನ್ ಕಡಿಮೆ, ಹಾಗಾಗಿ ಬಾಗುವ ಗುಣ ಜಾಸ್ತಿ. 9 ಅಂದರೆ 3 ಭಾಗ ಅಲ್ಯೂಮಿನಿಯಂ, ಎರಡೂವರೆ ಭಾಗ ವನಾಡಿಯಂ, ಸೈಕಲ್ ಫ್ರೇಮಿನ ಟ್ಯೂಬು ಹೆಚ್ಚಾಗಿ ಇದೇ. 7ರಲ್ಲಿ ಚೂರು ಪಲ್ಲಾಡಿಯಂ ಇದೆ, 12ರಲ್ಲಿ ಸ್ವಲ್ಪ ಮಾಲಿಬ್ಡಿನಂ ಮತ್ತು ನಿಕ್ಕಲ್. ಈ ಎರಡೂ ಆ್ಯಸಿಡ್ ಕೆಲಸಕ್ಕೆ.

ನಂಬರ್ ಒಂದೇ ಇದ್ದರೂ ರಾಡಿನಲ್ಲಿ ಆಕ್ಸಿಜನ್ ಕಡಿಮೆ ಇರುತ್ತಂತೆ. ಯಾಕೆ?

ಬೇಕಂತಲೇ ಹಾಗೆ ಮಾಡಿರುತ್ತಾರೆ. ಗ್ರೇಡ್ 2 ಪ್ಲೇಟಿನಲ್ಲಿ 0.25 ಶೇಕಡಾವರೆಗೆ ಆಕ್ಸಿಜನ್ ಇರಬಹುದು. ಅದೇ 2ರ ರಾಡಿನಲ್ಲಿ 0.16 ದಾಟುವಂತಿಲ್ಲ. ಎಷ್ಟೇ ಹುಷಾರಾಗಿ ಮಾಡಿದರೂ ವೆಲ್ಡಿಂಗಿನಲ್ಲಿ ಚೂರು ಆಕ್ಸಿಜನ್ ಒಳಗೆ ಸೇರುತ್ತದೆ, ಸೇರಿದಷ್ಟೂ ಟೈಟಾನಿಯಂ ಗಟ್ಟಿಯಾಗಿ ಪೆಡಸಾಗುತ್ತದೆ. ಅಷ್ಟಕ್ಕೆ ಜಾಗ ಬಿಟ್ಟಿರುತ್ತಾರೆ. ಸೊಸೆ ಸಾರಿಗೆ ಮತ್ತೊಮ್ಮೆ ಉಪ್ಪು ಹಾಕುತ್ತಾಳೆ ಅಂತ ಗೊತ್ತಿದ್ದು ಅತ್ತೆ ಕಡಿಮೆ ಹಾಕಿದ ಹಾಗೆ.

ಹಾಗಾದ್ರೆ ಅದೇ ಶೀಟಿನಿಂದ ಪಟ್ಟಿ ಕತ್ತರಿಸಿ ರಾಡ್ ಮಾಡಿಕೊಂಡರೆ?

ಸಣ್ಣಪುಟ್ಟ ಕೆಲಸಕ್ಕೆ ನಾವೂ ಮಾಡಿದ್ದೇವೆ. ಗ್ರೇಡ್ ಹೊಂದುತ್ತದೆ ಅನ್ನುವುದು ಲಾಭ. ಆದರೆ ಈಗ ಹೇಳಿದೆನಲ್ಲ, ಆ ಉಪ್ಪಿನ ಜಾಗ ಇರುವುದಿಲ್ಲ. ಕತ್ತರಿಸಿದ ಅಂಚಿನಲ್ಲಿ ಕಟ್ಟರಿನ ಎಣ್ಣೆ, ಕಬ್ಬಿಣದ ಪುಡಿ ಕೂತಿರುತ್ತದೆ. ಅಂಚನ್ನು ಅರದಿಂದ ಉಜ್ಜಿ ಅಸಿಟೋನಿನಲ್ಲಿ ಒರೆಸದೆ ಮುಟ್ಟಬೇಡಿ. ಪ್ರೆಶರ್ ಇರುವ ಕೆಲಸಕ್ಕೆ ಬೇಡವೇ ಬೇಡ.

ಗ್ರೇಡ್ 5 ಪಾರ್ಟಿಗೆ ಗ್ರೇಡ್ 2 ರಾಡ್ ಹಾಕಿದ್ರೆ ಏನಾಗುತ್ತೆ? ಎರಡೂ ಟೈಟಾನಿಯಂ ತಾನೆ?

ಗ್ರೇಡ್ 5ರ ಎಳೆತದ ಬಲ ಸುಮಾರು 895 ಮೆಗಾಪಾಸ್ಕಲ್, ಗ್ರೇಡ್ 2ರದ್ದು 345. ಇವು ಕನಿಷ್ಠ ಲೆಕ್ಕ. ಅಂದರೆ ಜೋಡಣೆಯ ಜಾಗ ಅರ್ಧಕ್ಕಿಂತ ಕಡಿಮೆ ಬಲದ ಲೋಹದಿಂದ ತುಂಬಿತು. ತೆಳು ಶೀಟಿನಲ್ಲಿ ಪಾರ್ಟಿನ ಲೋಹವೂ ಕರಗಿ ಬೆರೆಯುವುದರಿಂದ ಸ್ವಲ್ಪ ಬಲ ಬರುತ್ತದೆ. ದಪ್ಪದ್ದರಲ್ಲಿ ನಡುಭಾಗ ಬರೀ ರಾಡೇ. ಇನ್ನೊಂದು ತೊಂದರೆ ಹೈಡ್ರೋಜನ್. ಮಿಶ್ರಲೋಹದ ಕಡೆಯಿಂದ ಶುದ್ಧ ಟೈಟಾನಿಯಂ ಕಡೆಗೆ ಅದು ಮೆಲ್ಲಗೆ ಸರಿದು ಗಟ್ಟಿ ಹೈಡ್ರೈಡ್ ಆಗಿ ಕೂರುತ್ತದೆ. ಆವತ್ತು ಚೆನ್ನಾಗಿದ್ದ ವೆಲ್ಡು ಎಷ್ಟೋ ದಿನದ ಮೇಲೆ ಬಿರುಕು ಬಿಡುತ್ತದೆ.

ಇದಕ್ಕೆ ದೊಡ್ಡ ಉದಾಹರಣೆಯೇ ಇದೆ. ಚಂದ್ರನಿಗೆ ಮನುಷ್ಯರನ್ನು ಕಳಿಸಿದ ಸ್ಯಾಟರ್ನ್-5 ರಾಕೆಟ್ಟಿಗೆ ಮೂರನೇ ಹಂತ ಅಂತ ಒಂದು ಇತ್ತು, ಎಸ್-4ಬಿ. 1967ರ ಜನವರಿ 20ರಂದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಪರೀಕ್ಷೆಗೆ ನಿಲ್ಲಿಸಿದ್ದ ಅಂಥದೊಂದು ಹಂತ, ಇಂಜಿನ್ ಹೊತ್ತಿಸುವ ಮೊದಲೇ, ನಿಂತಲ್ಲೇ ಸಿಡಿದು ಚೂರಾಯಿತು. ತನಿಖೆ ಮಾಡಿದಾಗ ಸಿಕ್ಕಿದ್ದು ಹೀಲಿಯಂ ತುಂಬುವ ಒಂದು ಟೈಟಾನಿಯಂ ಗೋಳ. ಗೋಳ ಮಿಶ್ರಲೋಹದ್ದು. ಅದರ ಸೀಮನ್ನು ವೆಲ್ಡ್ ಮಾಡಿದ್ದು ಶುದ್ಧ ಟೈಟಾನಿಯಂ ಫಿಲ್ಲರಿನಿಂದ. ರಾಡ್ ಅದಲುಬದಲಾಗಿತ್ತು, ಅಷ್ಟೇ. ಕಣ್ಣಿಗೆ ಎರಡೂ ಒಂದೇ ಥರ ಬೂದು ಬೆಳ್ಳಿ. ರಾಕೆಟ್ ಕಟ್ಟುವವರಿಗೇ ಗೊತ್ತಾಗಲಿಲ್ಲ ಅಂದಮೇಲೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ನನಗೆ ಗೊತ್ತಾಗುತ್ತದಾ? ಆವತ್ತು ಇದನ್ನು ಓದಿದ ಮೇಲೆ ನಾನು ನಮ್ಮ ರಾಡುಗಳನ್ನೆಲ್ಲ ಕೆಳಗೆ ಸುರಿದು ಒಂದೊಂದಾಗಿ ನೋಡಿದೆ. ಅದರ ಕಥೆ ಕೊನೆಯ ಪ್ರಶ್ನೆಯಲ್ಲಿದೆ.

ಉಲ್ಟಾ ಮಾಡಿದ್ರೆ? ಗ್ರೇಡ್ 2ಕ್ಕೆ 5 ಹಾಕಿದರೆ ಇನ್ನೂ ಗಟ್ಟಿ ಆಗಲ್ವಾ?

ವೆಲ್ಡ್ ಗಟ್ಟಿಯಾಗುತ್ತದೆ, ಪಾರ್ಟು ಆಗುವುದಿಲ್ಲ. ಮೆತ್ತನೆಯ ಪೈಪಿನ ನಡುವೆ ಒಂದು ಬಿರುಸಾದ ಬಳೆ ಕೂರಿಸಿದ ಹಾಗೆ. ಅಲುಗಾಟಕ್ಕೆ ಪೈಪು ಬಾಗುತ್ತದೆ, ಬಳೆ ಬಾಗುವುದಿಲ್ಲ. ವೆಲ್ಡಿನ ಅಂಚಿನಲ್ಲೇ ಮತ್ತೆ ಸೀಳುತ್ತದೆ. ಗಟ್ಟಿ ರಾಡು ಒಳ್ಳೆ ರಾಡು ಅನ್ನುವುದು ಕಬ್ಬಿಣದ ಕೆಲಸದಿಂದ ಬಂದ ಅಭ್ಯಾಸ. ಇಲ್ಲಿ ಅದನ್ನು ಬಿಡಬೇಕು.

ಟೈಟಾನಿಯಂ ರಾಡ್ ಸಿಗಲಿಲ್ಲ, ಸ್ಟೀಲ್ ರಾಡ್ ಹಾಕಿ ಕೊಡಿ, ನಾನು ಏನೂ ಕೇಳಲ್ಲ.

ನೀವು ಕೇಳದಿದ್ದರೂ ಅದು ಹೇಳುತ್ತದೆ. ಶುರುವಿನ ದಿನಗಳಲ್ಲಿ ಒಬ್ಬರ ಒತ್ತಾಯಕ್ಕೆ 309ಎಲ್ ಸ್ಟೀಲ್ ರಾಡ್ ಹಾಕಿದ್ದೆ. ಬೀಡ್ (ವೆಲ್ಡಿನ ಗೆರೆ) ಕೂತಿತು, ಹೊಳೆಯಿತು. ಟಾರ್ಚ್ ಕೆಳಗಿಟ್ಟು ಹೆಲ್ಮೆಟ್ ಎತ್ತುವಷ್ಟರಲ್ಲಿ "ಟಿಣ್" ಅಂತು. ಬೀಡಿನ ಉದ್ದಕ್ಕೂ ಕೂದಲೆಳೆ ಸೀಳು. ಬೆರಳಿನಿಂದ ಒತ್ತಿದರೆ ಬಿಸ್ಕತ್ತಿನ ಹಾಗೆ ಮುರಿಯಿತು. ಕಬ್ಬಿಣವೂ ಟೈಟಾನಿಯಂ ಕೂಡ ಕರಗಿ ಬೆರೆತರೆ ಗಾಜಿನಂಥ ಪೆಡಸು ಸಂಯುಕ್ತ ಆಗುತ್ತದೆ. ಯಾವ ಕೈಚಳಕವೂ ಅದನ್ನು ತಪ್ಪಿಸುವುದಿಲ್ಲ. ಟೈಟಾನಿಯಂ ಪೈಪನ್ನು ಸ್ಟೀಲ್ ಫ್ಲಾಂಜಿಗೆ ಸೇರಿಸಬೇಕಾದರೆ ಬೋಲ್ಟ್ ಹಾಕಿ ಅಥವಾ ಕ್ಲ್ಯಾಂಪ್ ಮಾಡಿ.

ಬೈಕ್ ಸೈಲೆನ್ಸರಿಗೆ ಯಾವುದು?

ಹೆಚ್ಚಿನವು ಗ್ರೇಡ್ 1 ಅಥವಾ 2ರ ತೆಳು ಶೀಟು. 2ರ ರಾಡ್, 1 ಮಿಲಿಮೀಟರು ದಪ್ಪದ್ದು. ಮೆತ್ತಗೆ ಬೇಕಾದರೆ 1ರ ರಾಡೂ ನಡೆಯುತ್ತದೆ. ರಾಡಿಗಿಂತ ಇಲ್ಲಿ ಕಾಡುವುದು ಒಳಗಿನ ಮಸಿ. ಬಿರುಕಿನ ಎರಡೂ ಬದಿ, ಒಳಗೂ ಹೊರಗೂ, ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಒಳಗೆ ಕೈ ಹೋಗದಿದ್ದರೆ ಆ ಭಾಗ ಕತ್ತರಿಸಿ ತೆಗೆದು ಹೊಸ ತುಂಡು ಕೂರಿಸುವುದೇ ವಾಸಿ. ಬಿರುಕಿನ ಮೇಲೆ ಸುಮ್ನೆ ಎಳೆದುಕೊಡಿ ಅಂದರೆ ನಾನು ಒಪ್ಪುವುದಿಲ್ಲ.

ಸೈಕಲ್ ಫ್ರೇಮ್?

9ರ ಟ್ಯೂಬಾದರೆ 9ರ ರಾಡ್. ಆದರೆ ಟ್ಯೂಬ್ ಯಾವುದು ಅಂತ ತಯಾರಕರಿಂದ ಕೇಳಿ ತನ್ನಿ. ಬಿರುಕು ಎಲ್ಲಿಗೆ ಮುಗಿದಿದೆ ಅಂತ ಬಿರುಕು ತೋರಿಸುವ ಬಣ್ಣ (ಡೈ) ಹಾಕಿ ನೋಡಿ, ಪೂರ್ತಿ ತೆಗೆದೇ ತುಂಬಬೇಕು. ಫೋರ್ಕಿನ ಬುಡದಲ್ಲಿ ಸೀಳಿದ್ದರೆ ನಾನು ಮುಟ್ಟುವುದಿಲ್ಲ. ಇಳಿಜಾರಿನಲ್ಲಿ ಮುರಿದರೆ ಹಲ್ಲು ನಿಮ್ಮದು.

ಪ್ಲೇಟಿಂಗ್ ಶಾಪಿನ ಬಾಸ್ಕೆಟ್, ಹೀಟಿಂಗ್ ಕಾಯಿಲ್ ಸೋರುತ್ತಿದೆ. 2ನೋ 7ನೋ?

ಮೊದಲು ಕಾಯಿಲ್ ಯಾವುದರದ್ದು ನೋಡಿ. ಗ್ರೇಡ್ 2 ಆಗಿದ್ದರೆ 2ರ ರಾಡ್ ಸಾಕು. ಗ್ರೇಡ್ 7 ಕಾಯಿಲಿಗೆ 2ರ ರಾಡ್ ಹಾಕಿದರೆ ವೆಲ್ಡಿನ ಗೆರೆಯನ್ನೇ ಆ್ಯಸಿಡ್ ಮೊದಲು ತಿನ್ನುತ್ತದೆ. ಅದರ ಉಲ್ಟಾ, ಗ್ರೇಡ್ 2 ಪಾರ್ಟಿಗೆ 7ರ ರಾಡ್, ನಡೆಯುತ್ತದೆ. ಬಲ ಹೆಚ್ಚುಕಮ್ಮಿ ಒಂದೇ, ವೆಲ್ಡಿನ ಜಾಗದಲ್ಲಿ ಆ್ಯಸಿಡ್ ತಾಳುವ ಗುಣ ಹೆಚ್ಚು. ಆದರೆ ಪಲ್ಲಾಡಿಯಂ ದುಬಾರಿ. 0.12ರಿಂದ 0.25 ಶೇಕಡಾ ಅಷ್ಟೇ ಇದ್ದರೂ ರಾಡಿನ ಬೆಲೆ ಏರಿಸಿಬಿಡುತ್ತದೆ.

ಕಾಯಿಲನ್ನು ತೊಳೆಯದೆ ತರಬೇಡಿ. ನಿಕ್ಕಲ್ ಲೇಪದ ತೊಟ್ಟಿಯ ಉಪ್ಪು ಒಳಗೆ ಕೂತಿದ್ದರೆ ವೆಲ್ಡಿನಲ್ಲಿ ತೂತೇ ತೂತು. ತೊಳೆಯುವ ನೆಪದಲ್ಲಿ ಕ್ಲೋರಿನ್ ಇರುವ ಥಿನ್ನರ್ ಹಾಕಲೂಬೇಡಿ. ಅದರ ಉಳಿಕೆ ಬಿಸಿಗೆ ಸಿಕ್ಕರೆ ಟೈಟಾನಿಯಂ ಸೀಳುತ್ತದೆ. ಅಸಿಟೋನ್ ಸಾಕು. ಉಗುರಿನ ಬಣ್ಣ ತೆಗೆಯುವ ಘಮಘಮ ಬಾಟಲಿಯಲ್ಲ, ಶುದ್ಧ ಅಸಿಟೋನ್.

ಎಷ್ಟು ದಪ್ಪದ ರಾಡ್, ಎಷ್ಟು ಆಂಪ್?

1 ಮಿಲಿಮೀಟರು ಶೀಟಿಗೆ 1ರ ರಾಡ್. ಒಂದೂವರೆಯಿಂದ 3ರವರೆಗೆ 1.6ರದ್ದು. ಅದಕ್ಕೂ ದಪ್ಪವಾದರೆ 2.4. ಕರೆಂಟು ಡಿಸಿ, ಟಾರ್ಚು ನೆಗೆಟಿವ್. ಅಲ್ಯೂಮಿನಿಯಂ ಮಾಡಿ ಅಭ್ಯಾಸ ಇರುವವರು ಎಸಿಯಲ್ಲೇ ಬಿಟ್ಟಿರುತ್ತಾರೆ, ನೋಡಿಕೊಳ್ಳಿ. ಮಿಲಿಮೀಟರಿಗೆ 35ರಿಂದ 40 ಆಂಪ್ ಆಸುಪಾಸಿನಲ್ಲಿ ಶುರುಮಾಡಿ. ಟೈಟಾನಿಯಂ ಶಾಖವನ್ನು ಹಂಚುವುದಿಲ್ಲ, ಕೊಟ್ಟದ್ದನ್ನು ಕೊಟ್ಟಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಸ್ಟೀಲಿಗಿಂತ ಜಾಸ್ತಿ ಬೇಕು ಅನ್ನುವುದು ತಪ್ಪು ಲೆಕ್ಕ.

ಸರಿಯಾದ ರಾಡೇ ತಂದೆ. ಆದ್ರೂ ವೆಲ್ಡ್ ಒಡೆಯಿತು. ರಾಡ್ ಡೂಪ್ಲಿಕೇಟಾ?

ಇರಬಹುದು. ಆದರೆ ಮೊದಲು ನಿಮ್ಮ ಕೈಯನ್ನು ಅನುಮಾನಿಸಿ.

ಬಿಸಿ ಟೈಟಾನಿಯಂಗೆ ಹಸಿವು ಜಾಸ್ತಿ. ಸುಮಾರು 430 ಡಿಗ್ರಿ ದಾಟಿದ ಮೇಲೆ ಗಾಳಿಯ ಆಕ್ಸಿಜನ್, ನೈಟ್ರೋಜನ್ ಎರಡನ್ನೂ ಎಳೆದುಕೊಳ್ಳುತ್ತದೆ. ಕರಗಿದ ಜಾಗಕ್ಕೆ ಮಾತ್ರ ಆರ್ಗಾನ್ ಕೊಟ್ಟರೆ ಸಾಲದು. ಹಿಂದೆ ತಣ್ಣಗಾಗುತ್ತಿರುವ ಬೀಡಿಗೂ ಬೇಕು, ಅದಕ್ಕೆ ಟಾರ್ಚಿನ ಹಿಂದೆ ಆರ್ಗಾನ್ ಬಿಡುವ ಟ್ರೇಲಿಂಗ್ ಶೀಲ್ಡ್. ಕೆಳಗಿನ ಬದಿಗೂ ಬೇಕು. ಪೈಪಾದರೆ ಎರಡೂ ತುದಿ ಟೇಪ್ ಹಾಕಿ ಮುಚ್ಚಿ, ಕೆಳಗಿನಿಂದ ಆರ್ಗಾನ್ ಬಿಡಿ, ಮೇಲೊಂದು ಸಣ್ಣ ತೂತು ಇಡಿ. ಆರ್ಗಾನ್ ಗಾಳಿಗಿಂತ ಭಾರ, ಕೆಳಗಿನಿಂದ ತುಂಬುತ್ತಾ ಗಾಳಿಯನ್ನು ಮೇಲೆ ತಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ಹುಡುಗರು ಸೋಲುವುದು ರಾಡಿನ ತುದಿಯಲ್ಲಿ. ಸ್ಟೀಲಿನಲ್ಲಿ ರಾಡನ್ನು ಒಳಗೆ ಅದ್ದಿ ಹೊರಗೆ ಎಳೆಯುವ ಅಭ್ಯಾಸ ಇರುತ್ತದೆ. ಟೈಟಾನಿಯಂನಲ್ಲಿ ಹಾಗೆ ಹೊರಗೆಳೆದ ಕೂಡಲೇ ಕೆಂಪಗಿರುವ ತುದಿ ಗಾಳಿ ಕುಡಿಯುತ್ತದೆ. ಕಣ್ಣಿಟ್ಟು ನೋಡಿದರೆ ಕಾಣುತ್ತದೆ: ಬೆಳ್ಳಿ ಇದ್ದದ್ದು ಹುಲ್ಲಿನ ಬಣ್ಣ, ಆಮೇಲೆ ನೀಲಿ, ಆಮೇಲೆ ಬೂದು. ಮುಂದಿನ ಅದ್ದಿಗೆ ಆ ಬೂದು ಎಲ್ಲ ನಿಮ್ಮ ಬೀಡಿನೊಳಗೆ. ಹಾಗಾಗಿ ತುದಿ ಯಾವಾಗಲೂ ಟಾರ್ಚಿನ ಕಪ್‌ನಿಂದ (ಬಟ್ಟಲಿನಂಥ ಮೂತಿ) ಬರುವ ಆರ್ಗಾನಿನೊಳಗೇ ಇರಬೇಕು. ದೊಡ್ಡ ಕಪ್, ಗ್ಯಾಸನ್ನು ನೇರವಾಗಿ ಬಿಡುವ ಜಾಲರಿ (ಗ್ಯಾಸ್ ಲೆನ್ಸ್) ಹಾಕಿಕೊಳ್ಳುವುದು ಇದಕ್ಕೇ. ಆರ್ಕ್ ನಿಲ್ಲಿಸಿದ ಮೇಲೂ ಇಪ್ಪತ್ತು ಮೂವತ್ತು ಸೆಕೆಂಡು ಟಾರ್ಚು, ರಾಡು ಎರಡನ್ನೂ ಅಲುಗಿಸಬೇಡಿ. ಮತ್ತೆ ಶುರುಮಾಡುವ ಮೊದಲು ತುದಿಯನ್ನು ಒಂದು ಸೆಂಟಿಮೀಟರು ಕಟ್ ಮಾಡಿ ಎಸೆಯಿರಿ. ಕಟ್ ಮಾಡುವಾಗ ಜೀವ ಚುರ್ ಅನ್ನುತ್ತದೆ, ನಿಜ. ನಮ್ಮ ಶೆಡ್ಡಿನಲ್ಲಿ ಆ ತುಂಡುಗಳಿಗೆ ಒಂದು ಹಾರ್ಲಿಕ್ಸ್ ಬಾಟಲಿ ಇದೆ.

ಕೈ ಮುಟ್ಟಿದ ಜಿಡ್ಡೂ ಅಷ್ಟೇ ಕೆಟ್ಟದ್ದು. ಎಣ್ಣೆಯಿಂದ ಹೈಡ್ರೋಜನ್, ಇಂಗಾಲ ಎರಡೂ ಒಳಗೆ ಹೋಗುತ್ತವೆ. ನಮ್ಮೂರಿನಲ್ಲಿ ಇದನ್ನು ಬಿಡಿಸಿ ಹೇಳಬೇಕು: ಬೆಣ್ಣೆ ದೋಸೆ ತಿಂದು ಬಂದ ಕೈಯಲ್ಲಿ ರಾಡ್ ಹಿಡಿಯಬೇಡಿ. ತೊಳೆದ ಕೈಯಲ್ಲೂ ಬೇಡ, ನೈಟ್ರೈಲ್ ಗ್ಲೌಸ್ ಹಾಕಿ. ಪ್ರತಿ ರಾಡನ್ನೂ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಎಳೆಯಿರಿ, ಬಟ್ಟೆಗೆ ಕರೆ ಹತ್ತದವರೆಗೆ. ಆಯುಧಪೂಜೆ ದಿನ ಮೆಷಿನ್ನಿಗೆ ಧಾರಾಳವಾಗಿ ಅರಿಶಿನ ಕುಂಕುಮ ಹಚ್ಚಿ. ರಾಡಿನ ಕಟ್ಟಿಗೆ ಬೇಡ, ದೂರದಿಂದ ಕೈಮುಗಿಯಿರಿ.

ವೆಲ್ಡ್ ನೀಲಿ ಬಣ್ಣ ಬಂದಿದೆ. ಚಂದ ಅಲ್ವಾ?

ಫೋಟೋಗೆ ಚಂದ. ಬೆಳ್ಳಿ ಬಣ್ಣ ಅಂದರೆ ಒಳ್ಳೆಯದು. ತಿಳಿ ಹುಲ್ಲಿನ ಬಣ್ಣ ಪರವಾಗಿಲ್ಲ. ನೀಲಿ, ನೇರಳೆ ಬಂದರೆ ಗಾಳಿ ಹೊಕ್ಕಿದೆ. ಬೂದು ಅಥವಾ ಬಿಳಿ ಪುಡಿ ಬಂದರೆ ಆ ಜಾಗ ತೆಗೆದು ಮತ್ತೆ ಮಾಡಬೇಕು. ಬ್ರಷ್ ಹಾಕಿ ನೀಲಿ ಅಳಿಸಿದರೆ ಬಣ್ಣ ಹೋಗುತ್ತದೆ, ಒಳಗೆ ಸೇರಿದ ಆಕ್ಸಿಜನ್ ಹೋಗುವುದಿಲ್ಲ. ಇಂಜಿನ್ ಬಿಸಿಗೆ ಸೈಲೆನ್ಸರ್ ಪೈಪು ನೀಲಿಯಾಗುವುದು ಬೇರೆ ವಿಷಯ, ಅದಕ್ಕೆ ಹೆದರಬೇಡಿ.

ಕೆಲಸ ಶುರುಮಾಡುವ ಮೊದಲು ಅದೇ ರಾಡು, ಅದೇ ಗ್ಯಾಸಿನಲ್ಲಿ ಚೂರು ತುಂಡಿನ ಮೇಲೆ ಒಂದು ಬೀಡ್ ಎಳೆದು ವೈಸಿನಲ್ಲಿ ಬಗ್ಗಿಸಿ. ಗ್ರೇಡ್ 2 ಆರಾಮಾಗಿ ಬಗ್ಗಬೇಕು. ಪಟ್ ಅಂತ ಮುರಿದರೆ ಗಿರಾಕಿಯ ಪಾರ್ಟು ಮುಟ್ಟಬೇಡಿ.

ಆರ್ಗಾನ್ ಎಷ್ಟು ಬೇಕು? ಫ್ಯಾನ್ ಹಾಕಬಹುದಾ?

99.999 ಶುದ್ಧತೆಯದ್ದೇ ಕೇಳಿ ತನ್ನಿ. ಟಾರ್ಚಿಗೆ ನಿಮಿಷಕ್ಕೆ 10 ಲೀಟರು, ಟ್ರೇಲಿಂಗಿಗೆ 10, ಕೆಳಗೆ 5 ಅಂದುಕೊಂಡರೆ 25 ಆಯಿತು. 7 ಘನಮೀಟರಿನ ದೊಡ್ಡ ಸಿಲಿಂಡರು ನಾಲ್ಕೂಮುಕ್ಕಾಲು ಗಂಟೆಯೂ ಬರುವುದಿಲ್ಲ. ರೇಟು ಜಾಸ್ತಿ ಹೇಳಿದೆ ಅನ್ನುವವರು ಈ ಲೆಕ್ಕ ನೋಡಿ.

ಫ್ಯಾನ್ ಬೇಡ. ಬಾಗಿಲೂ ಹಾಕಿಕೊಳ್ಳಿ. ಚಿತ್ರದುರ್ಗದ ಗೆಳೆಯನೊಬ್ಬ ಗ್ಯಾಸ್ ಬದಲಿಸಿದ, ರಾಡ್ ಬದಲಿಸಿದ, ಬೀಡ್ ಮಾತ್ರ ನೀಲಿ ಬಿಡಲಿಲ್ಲ. ಹೋಗಿ ನೋಡಿದರೆ ಶೆಡ್ಡಿಗೆ ಪಶ್ಚಿಮದ ಗೋಡೆಯೇ ಇಲ್ಲ, ಆಷಾಢದ ಗಾಳಿ. ಜೋಗಿಮಟ್ಟಿ ಮೇಲೆ ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ! ಒಂದು ತಾಡಪಾಲು ಕಟ್ಟಿದ ಮೇಲೆ ಬೀಡ್ ಬೆಳ್ಳಗಾಯಿತು. ಆದರೆ ಗುಂಡಿಯೊಳಗೆ, ಟ್ಯಾಂಕಿನೊಳಗೆ ಮಾಡುವಾಗ ಹುಷಾರು. ಅಲ್ಲಿ ಆರ್ಗಾನ್ ತುಂಬಿಕೊಂಡರೆ ವಾಸನೆ ಇಲ್ಲ, ಬಣ್ಣ ಇಲ್ಲ, ಉಸಿರಿಗೆ ಗಾಳಿಯೂ ಇಲ್ಲ.

ಉಜ್ಜುವಾಗ ಬೀಳುವ ಟೈಟಾನಿಯಂ ಪುಡಿಗೆ ಬೆಂಕಿ ಹತ್ತುತ್ತಾ?

ಹತ್ತುತ್ತದೆ. ನೀರು ಹಾಕಬೇಡಿ, ಇನ್ನೂ ಜೋರಾಗುತ್ತದೆ. ಒಣ ಮರಳು ಮುಚ್ಚಿ.

ಚಳ್ಳಕೆರೆ ಕಡೆ ಡ್ರೋನು, ವಿಮಾನದ ಕೆಲಸ ಬಂದಿದೆಯಲ್ಲ. ಅಂಥ ಪಾರ್ಟ್ ಮಾಡ್ತೀರಾ? ಮೂಳೆಗೆ ಹಾಕುವ ಪ್ಲೇಟು?

ಎರಡೂ ಇಲ್ಲ. ಚಳ್ಳಕೆರೆಯ ಹತ್ತಿರ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ಕೇಂದ್ರ ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. ಹಾರುವ ಪಾರ್ಟಿಗೆ ವೆಲ್ಡರಿಗೂ ವಿಧಾನಕ್ಕೂ ಬೇರೆ ಬೇರೆ ಸರ್ಟಿಫಿಕೇಟ್ ಬೇಕು, ವೆಲ್ಡ್ ಆದ ಮೇಲೆ ಎಕ್ಸ್‌ರೇ ಬೇಕು. ಮೂಳೆಯ ಪ್ಲೇಟು ಮುರಿದರೆ ಡಾಕ್ಟರು ಹೊಸದು ಹಾಕುತ್ತಾರೆ. ಅದನ್ನು ರಿಪೇರಿ ಮಾಡಿಸಿದವರು ಯಾರೂ ಇಲ್ಲ, ನೀವೂ ಮೊದಲಿಗರಾಗಬೇಡಿ.

ರಾಡ್ ಎಲ್ಲಿ ತರೋದು? ನಮ್ಮ ದೇಶದ್ದು ಇದೆಯಾ?

ನಾವು ಬೆಂಗಳೂರಿನಿಂದ ತರಿಸುತ್ತೇವೆ. ದೇಶದಲ್ಲಿ ಟೈಟಾನಿಯಂ ಅದಿರಿಗೆ ಬರವಿಲ್ಲ. ಕೇರಳದ ಚವರ ಕಡಲತೀರದ ಕಪ್ಪು ಮರಳಿನಲ್ಲೇ ಅದಿರಿದೆ. ಅಲ್ಲಿನ ಕೆಎಂಎಂಎಲ್ ಕಾರ್ಖಾನೆಯಲ್ಲಿ ಇಸ್ರೋ ನೆರವಿನ ಟೈಟಾನಿಯಂ ಸ್ಪಂಜ್ (ಅದಿರಿನಿಂದ ತೆಗೆದ ತೂತುತೂತಾದ ಕಚ್ಚಾ ಲೋಹ) ಘಟಕ 2011ರಲ್ಲಿ ಶುರುವಾಯಿತು. ಹೈದರಾಬಾದಿನ ಸರ್ಕಾರಿ ಕಂಪನಿ ಮಿಧಾನಿ ಮಿಶ್ರಲೋಹ ಮಾಡುತ್ತದೆ. ಯಾರಿಂದ ತಂದರೂ ಹೀಟ್ ನಂಬರ್ (ಒಂದು ಸಲ ಕರಗಿಸಿದ ಲೋಹದ ಗುರುತಿನ ನಂಬರು) ಇರುವ ಟೆಸ್ಟ್ ಸರ್ಟಿಫಿಕೇಟ್ ಕೇಳಿ. "ಅದೇ ರೀ, ಟೈಟಾನಿಯಂ ರಾಡು" ಅಂತ ಪೇಪರಿನಲ್ಲಿ ಸುತ್ತಿಕೊಟ್ಟರೆ ತಗೋಬೇಡಿ.

ಉಳಿದ ರಾಡನ್ನು ಹೇಗೆ ಇಡಬೇಕು?

ಗ್ರೇಡಿಗೊಂದು ಪಿವಿಸಿ ಪೈಪು, ಎರಡೂ ಕಡೆ ಮುಚ್ಚಳ, ಪೈಪಿನ ಮೇಲೆ ದೊಡ್ಡದಾಗಿ ನಂಬರು. ಒಳಗೆ ಒಂದು ಪೊಟ್ಟಣ ಸಿಲಿಕಾ ಜೆಲ್. ರಾಡಿನ ತುದಿಯಲ್ಲಿ ಗ್ರೇಡ್ ಒತ್ತಿರುತ್ತಾರೆ, ಇಲ್ಲವೇ ಸಣ್ಣ ಚೀಟಿ ಅಂಟಿಸಿರುತ್ತಾರೆ. ಗುರುತಿಲ್ಲದ ತುದಿಯಿಂದಲೇ ಬಳಸಿ. ಮೋಟು ಉಳಿದಾಗಲೂ ನಂಬರ್ ಉಳಿಯಬೇಕು.

ರಾಕೆಟ್ಟಿನ ಕಥೆ ಓದಿದ ದಿನ ಕೆಳಗೆ ಸುರಿದೆ ಅಂದೆನಲ್ಲ. ಹನ್ನೊಂದು ರಾಡಿಗೆ ಗುರುತೇ ಇರಲಿಲ್ಲ. ಗ್ರೇಡ್ 2 ಇರಬೇಕು ಅಂತ ನಮ್ಮ ಹುಡುಗ, 5 ಇರಬೇಕು ಅಂತ ನಾನು. ಅರ್ಧ ಗಂಟೆ ವಾದ ಮಾಡಿದೆವು. ಈಗ ಅವು ಶೆಡ್ಡಿನ ಗೋಡೆಯಲ್ಲಿ ಹೆಲ್ಮೆಟ್ ನೇತುಹಾಕುವ ಕೊಕ್ಕೆಗಳು. ತುಕ್ಕು ಹಿಡಿಯುವುದಿಲ್ಲ.